ಪೋಸ್ಟ್ ಹಾಕುವುದು ಕೊನೆಯ ಕೆಲಸ: ಸಂಸ್ಥೆಗಳಿಗೊಂದು ಸೋಷಿಯಲ್ ಮೀಡಿಯಾ ಮಾರ್ಗದರ್ಶಿ

“ಸಂಸ್ಥೆಯ ಹೆಸರಲ್ಲಿ ಪೇಜ್ ಮಾಡಿ ಆರು ತಿಂಗಳಾಯ್ತು. ಲೈಕ್ ಒತ್ತುವವರೆಲ್ಲ ನಮ್ಮ ಸಿಬ್ಬಂದಿಯೇ. ದಿನಾ ಏನು ಪೋಸ್ಟ್ ಹಾಕಬೇಕು ಹೇಳಿ.”

ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ಕೇಳುವವರಲ್ಲಿ ಸಣ್ಣ ಕಂಪನಿಯವರಿದ್ದಾರೆ, ಟ್ರಸ್ಟ್ ನಡೆಸುವವರಿದ್ದಾರೆ, ಶಾಲೆಯವರೂ ಇದ್ದಾರೆ. ಕಥೆ ಮಾತ್ರ ಹೆಚ್ಚುಕಮ್ಮಿ ಒಂದೇ. ಒಂದು ದಿನ ಮೇಲಿನವರು “ನಾವೂ ಸೋಷಿಯಲ್ ಮೀಡಿಯಾದಲ್ಲಿ ಇರಬೇಕು” ಎನ್ನುತ್ತಾರೆ. ಆಫೀಸಿನಲ್ಲಿ ಎಲ್ಲರಿಗಿಂತ ಚಿಕ್ಕವರ ತಲೆಗೆ ಆ ಕೆಲಸ ಬರುತ್ತದೆ. ಅವರು ಪಾಪ, ವಿಶೇಷ ದಿನಕ್ಕೊಂದು ಶುಭಾಶಯ, ಸಭೆ ಆದಾಗ ಒಂದು ಗ್ರೂಪ್ ಫೋಟೋ ಹಾಕುತ್ತಾ ಹೋಗುತ್ತಾರೆ. ನೋಡುವವರಿಗೆ ಅದರಿಂದ ಏನೂ ಸಿಗುವುದಿಲ್ಲ. ಬೆರಳು ಮುಂದಕ್ಕೆ ಜಾರುತ್ತದೆ.

ನನ್ನ ಉತ್ತರ ಕೆಲವರಿಗೆ ಬೇಸರ ತರಿಸಬಹುದು. “ಏನು ಹಾಕಬೇಕು” ಅನ್ನೋದು ಕೊನೆಗೆ ಕೇಳಬೇಕಾದ ಪ್ರಶ್ನೆ. ಅದಕ್ಕೂ ಮೊದಲು ಮಾಡಬೇಕಾದ ಕೆಲಸ ಬೇಕಾದಷ್ಟಿದೆ. ಅದನ್ನು ಮಾಡಿ ಮುಗಿಸಿದವರು ಈ ಪ್ರಶ್ನೆಯನ್ನು ಮತ್ತೆ ಕೇಳಿದ್ದು ನಾನು ನೋಡಿಲ್ಲ.

ಶುರು ಮಾಡುವ ಮುಂಚೆ ಒಂದು ಪದ ಸ್ಪಷ್ಟ ಮಾಡಿಕೊಳ್ಳೋಣ. ಕಂಟೆಂಟ್ ಮಾರ್ಕೆಟಿಂಗ್ ಅಂದರೆ “ನಮ್ಮದನ್ನು ಕೊಳ್ಳಿ” ಎಂದು ಕೂಗುವುದಲ್ಲ. ನಿಮ್ಮ ಗ್ರಾಹಕರಿಗೆ ಉಪಯೋಗ ಆಗುವ ಮಾಹಿತಿಯನ್ನು ಬಿಡದೆ ಕೊಡುತ್ತಾ ಹೋಗುವುದು. ಅವರಿಗೆ ಬೇಕಾದ ದಿನ ನಿಮ್ಮ ಹೆಸರು ತಾನಾಗಿ ನೆನಪಾಗಬೇಕು, ಅಷ್ಟೇ. ಇದೇನೂ ಇಂಟರ್‌ನೆಟ್ ಕಾಲದ ಐಡಿಯಾ ಅಲ್ಲ. ಫ್ರಾನ್ಸಿನ ಟೈರ್ ಕಂಪನಿ ಮಿಶೆಲಿನ್ 1900ರಲ್ಲೇ ಕಾರು ಓಡಿಸುವವರಿಗಾಗಿ ಒಂದು ಕೈಪಿಡಿ ಅಚ್ಚು ಹಾಕಿಸಿ ಪುಕ್ಕಟೆ ಹಂಚಿತ್ತು. ಟೈರ್ ಬದಲಿಸುವುದು ಹೇಗೆ, ದಾರಿಯಲ್ಲಿ ಉಳಿದುಕೊಳ್ಳುವುದು ಎಲ್ಲಿ ಎಂಬಂಥ ವಿಷಯಗಳು ಅದರಲ್ಲಿದ್ದವು. ಜನ ಜಾಸ್ತಿ ಓಡಾಡಿದರೆ ಟೈರ್ ಜಾಸ್ತಿ ಸವೆಯುತ್ತದೆ ಅಲ್ವಾ? ಲೆಕ್ಕ ಅಷ್ಟೇ. ಸೋಷಿಯಲ್ ಮೀಡಿಯಾ ಅನ್ನೋದು ಇಂಥ ಮಾಹಿತಿಯನ್ನು ಹಂಚುವ ದಾರಿ. ಹಂಚಲು ಏನೂ ಇಲ್ಲದೆ ದಾರಿ ಮಾತ್ರ ಹಿಡಿದರೆ ಆರು ತಿಂಗಳ ಆ ಕಥೆ ಆಗುತ್ತದೆ.

ಏನೇನು ಬೇಕು?

ದುಬಾರಿ ಕ್ಯಾಮೆರಾ ಬೇಡ. ಸಾಧಾರಣ ಸ್ಮಾರ್ಟ್‌ಫೋನ್, ಕಾಲರ್‌ಗೆ ಸಿಕ್ಕಿಸುವ ಒಂದು ಸಣ್ಣ ಮೈಕ್, ಒಂದು ಸ್ಪ್ರೆಡ್‌ಶೀಟ್, ಸಂಸ್ಥೆಯ ಹೆಸರಿನಲ್ಲಿರುವ ಒಂದು ಇಮೇಲ್ ವಿಳಾಸ. ಇದೆಲ್ಲಕ್ಕಿಂತ ಮುಖ್ಯವಾಗಿ, ವಾರಕ್ಕೆ ಇಂತಿಷ್ಟು ಗಂಟೆ ಇದೇ ಕೆಲಸಕ್ಕೆ ಎಂದು ಬಿಡುವು ಮಾಡಿಕೊಟ್ಟ ಒಬ್ಬ ವ್ಯಕ್ತಿ. “ನಿನ್ನ ಕೆಲಸದ ಜೊತೆಗೆ ಇದನ್ನೂ ನೋಡ್ಕೋ” ಎಂದರೆ ಎರಡೂ ಕೆಡುತ್ತವೆ. ಮೈಕ್ ಯಾಕೆ ಅಂದಿರಾ? ಚಿತ್ರ ಸ್ವಲ್ಪ ಮಸುಕಾಗಿದ್ದರೆ ಜನ ಸಹಿಸಿಕೊಳ್ಳುತ್ತಾರೆ. ಮಾತು ಕೇಳಿಸದಿದ್ದರೆ ನಿಲ್ಲುವುದೇ ಇಲ್ಲ.

ಹಂತ 1: ಒಂದೇ ಒಂದು ಗುರಿ ಬರೆದಿಡಿ

“ಹೆಸರು ಮಾಡಬೇಕು” ಎಂದರೆ ಅದು ಗುರಿಯಲ್ಲ. ಆಯಿತೋ ಇಲ್ಲವೋ ಎಂದು ಅಳೆಯಲು ಬರುವುದಿಲ್ಲ. “ಇನ್ನು ಆರು ತಿಂಗಳಲ್ಲಿ ವಿಚಾರಿಸಲು ಬರುವ ಕರೆಗಳು ಹೆಚ್ಚಬೇಕು”, “ಸ್ವಯಂಸೇವಕರಾಗಿ ಹೆಸರು ಕೊಡುವವರು ಸಿಗಬೇಕು”, “ಒಂದೇ ದೂರಿಗೆ ಬರುವ ಫೋನ್ ಕಡಿಮೆಯಾಗಬೇಕು”. ಇವು ಗುರಿಗಳು. ಇವುಗಳಲ್ಲಿ ಒಂದನ್ನು ಆರಿಸಿ, ಒಂದೇ ವಾಕ್ಯದಲ್ಲಿ ಬರೆದು, ಮೇಲಿನವರಿಂದ ಒಪ್ಪಿಗೆ ಪಡೆಯಿರಿ. ಆ ವಾಕ್ಯ ಮುಂದೆ ನಿಮ್ಮನ್ನೇ ಕಾಯುತ್ತದೆ. “ಪಕ್ಕದ ಕಂಪನಿಯವರು ಡಾನ್ಸ್ ರೀಲ್ಸ್ ಮಾಡಿದ್ದಾರೆ, ನಾವೂ ಮಾಡೋಣ” ಎಂದು ಯಾರಾದರೂ ಹೇಳಿದಾಗ ತೋರಿಸಲು ಒಂದು ಕಾಗದ ಇರುತ್ತದೆ.

ಹಂತ 2: ಫೋನ್ ಎತ್ತುವವರ ಪಕ್ಕ ಕೂತುಕೊಳ್ಳಿ

ಇಡೀ ಲೇಖನದಲ್ಲಿ ಒಂದೇ ಹಂತ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಪ್ರತಿ ಸಂಸ್ಥೆಯಲ್ಲೂ ಜನರ ಪ್ರಶ್ನೆಗಳಿಗೆ ದಿನವಿಡೀ ಉತ್ತರ ಕೊಡುವವರು ಇರುತ್ತಾರೆ. ರಿಸೆಪ್ಷನ್‌ನಲ್ಲಿ ಕೂತವರು, ಸರ್ವಿಸ್‌ಗೆ ಮನೆಮನೆಗೆ ಹೋಗುವವರು, ಕೌಂಟರ್‌ನಲ್ಲಿ ಇರುವವರು. ಸೋಷಿಯಲ್ ಮೀಡಿಯಾ ಮೀಟಿಂಗಿಗೆ ಇವರನ್ನು ಯಾರೂ ಕರೆಯುವುದಿಲ್ಲ. ಆದರೆ ನಿಮಗೆ ಬೇಕಾದ ಸರಕೆಲ್ಲ ಇರುವುದು ಇವರ ಹತ್ತಿರವೇ.

ಎರಡು ವಾರ ಇವರ ಜೊತೆ ಕೂತು ಜನ ಕೇಳಿದ ಪ್ರಶ್ನೆಗಳನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆಯಿರಿ. ನಿಯಮ ಒಂದೇ: ಕೇಳಿದವರ ಮಾತಿನಲ್ಲೇ ಬರೆಯಬೇಕು. ನಿಮ್ಮದು ನೀರಿನ ಫಿಲ್ಟರ್ ಮಾರುವ ಸಂಸ್ಥೆ ಅಂದುಕೊಳ್ಳಿ. ಫೋನ್ ಮಾಡಿದವರು “ಫಿಲ್ಟರ್ ಹಾಕಿಸಿದ್ದೀವಿ, ಆದ್ರೂ ನೀರು ವಾಸನೆ ಬರ್ತಿದೆ, ಯಾಕೆ?” ಎಂದು ಕೇಳುತ್ತಾರೆ. ಅದನ್ನು ನೀವು “ಕಾರ್ಬನ್ ಕಾರ್ಟ್ರಿಜ್ ಕಾರ್ಯಕ್ಷಮತೆ” ಎಂದು ತಿದ್ದಿ ಬರೆದರೆ ಎಲ್ಲಾ ಹಾಳಾಯಿತು. ಜನ ಗೂಗಲ್‌ನಲ್ಲಿ ಹುಡುಕುವುದೂ ಅದೇ ಮಾತಿನಲ್ಲಿ, ಯೂಟ್ಯೂಬಿನಲ್ಲಿ ಟೈಪ್ ಮಾಡುವುದೂ ಅದೇ ಮಾತಿನಲ್ಲಿ. ನಿಮ್ಮ ಶೀರ್ಷಿಕೆಯೂ ಹಾಗೇ ಇರಲಿ.

ಪ್ರತಿ ಪ್ರಶ್ನೆಯ ಮುಂದೆ ಎರಡು ಅಂಕಣ ಇರಲಿ. ಒಂದರಲ್ಲಿ ಆ ಪ್ರಶ್ನೆ ಎಷ್ಟು ಸಲ ಬಂತು. ಇನ್ನೊಂದರಲ್ಲಿ ಅದಕ್ಕೆ ಸರಿಯಾದ ಉತ್ತರ ಸಂಸ್ಥೆಯಲ್ಲಿ ಯಾರಿಗೆ ಗೊತ್ತು. ಎರಡನೆಯ ಅಂಕಣ ಮರೆಯಬೇಡಿ, ಮುಂದೆ ಹಂತ 5ರಲ್ಲಿ ಅದು ಬೇಕು.

ಎರಡು ವಾರ ಕಳೆದ ಮೇಲೆ ಪಟ್ಟಿ ನೋಡಿ. ಕೆಲವು ಪ್ರಶ್ನೆ ಕೊಳ್ಳುವ ಮುಂಚಿನವು: “ನಮ್ಮ ಮನೆಗೆ ಯಾವ ಸೈಜ್ ಸಾಕು?” ಕೆಲವು ಕೊಂಡ ಮೇಲಿನವು: “ಎಷ್ಟು ದಿನಕ್ಕೊಮ್ಮೆ ಬದಲಿಸಬೇಕು?” ಇನ್ನು ಕೆಲವು ಅನುಮಾನಗಳು: “ಇದು ನಿಜವಾಗಲೂ ಬೇಕಾ, ಕಾಯಿಸಿದರೆ ಸಾಲದಾ?” ಈ ಮೂರನೆಯ ಬಗೆಯ ಪ್ರಶ್ನೆಯಿಂದ ಸಂಸ್ಥೆಗಳು ಓಡಿಹೋಗುತ್ತವೆ. ನನ್ನನ್ನು ಕೇಳಿದರೆ ಅಲ್ಲಿಂದಲೇ ಶುರು ಮಾಡಬೇಕು. “ಇಂಥ ಕಡೆ ಕಾಯಿಸಿದರೆ ಸಾಕು, ಇಂಥ ಕಡೆ ಸಾಲದು, ಯಾಕೆಂದರೆ…” ಎಂದು ಪ್ರಾಮಾಣಿಕವಾಗಿ ಹೇಳುವ ಸಂಸ್ಥೆಯನ್ನು ಜನ ನಂಬುತ್ತಾರೆ. ರಕ್ತನಿಧಿ ನಡೆಸುವವರಿಗೂ ಇದೇ ಮಾತು. “ರಕ್ತದಾನ ಮಹಾದಾನ” ಎಂಬ ಪೋಸ್ಟರ್ ಎಲ್ಲರೂ ಹಾಕುತ್ತಾರೆ. “ಮಾತ್ರೆ ತಗೊಳ್ತಿದ್ದೀನಿ, ಕೊಡಬಹುದಾ?” “ಸೂಜಿ ಅಂದ್ರೆ ಭಯ, ಎಷ್ಟು ಹೊತ್ತು ಚುಚ್ಚಿರ್ತಾರೆ?” ಎನ್ನುವುದಕ್ಕೆ ಉತ್ತರ ಹಾಕುವವರು ಕಡಿಮೆ. ದಾನಿ ಹಿಂದೇಟು ಹಾಕುವುದು ಈ ಪ್ರಶ್ನೆಗಳಲ್ಲೇ.

ಹಂತ 3: ಮೊದಲು ಸ್ವಂತ ಮನೆ, ಆಮೇಲೆ ಬಾಡಿಗೆ ಮನೆ

ಫೇಸ್‌ಬುಕ್ ಪೇಜ್ ನಿಮ್ಮದಲ್ಲ. ಅದು ಬಾಡಿಗೆ ಮನೆ. ಮಾಲೀಕರು ಯಾವಾಗ ಬೇಕಾದರೂ ಗೋಡೆ ಕೆಡವಬಹುದು. 2018ರ ಜನವರಿಯಲ್ಲಿ ಫೇಸ್‌ಬುಕ್ ತನ್ನ ನಿಯಮ ಬದಲಿಸಿತು. ಪೇಜ್‌ಗಳಿಗಿಂತ ಸ್ನೇಹಿತರು, ಮನೆಯವರ ಪೋಸ್ಟ್‌ಗಳೇ ಜಾಸ್ತಿ ಕಾಣುವಂತೆ ಮಾಡುತ್ತೇವೆ ಎಂದಿತು. ಆರ್ಕುಟ್ 2014ರಲ್ಲಿ ಮುಚ್ಚಿತು, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿತು. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ಇನ್‌ಸ್ಟಾಗ್ರಾಮ್, ವಾಟ್ಸಾಪ್ ಮೂರೂ ಒಟ್ಟಿಗೆ ಸುಮಾರು ಆರು ಗಂಟೆ ಕಾಲ ಸತ್ತುಬಿದ್ದಿದ್ದವು. ಮೂರೂ ಒಂದೇ ಕಂಪನಿಯವು. “ನಾವು ಮೂರು ಕಡೆ ಇದ್ದೀವಿ, ನಮಗೇನು ಭಯ” ಎಂದುಕೊಂಡಿದ್ದವರಿಗೆ ಅವತ್ತು ಗೊತ್ತಾಯಿತು.

ಆದ್ದರಿಂದ ಪೂರ್ತಿ ಉತ್ತರ ಇರಬೇಕಾದ್ದು ನಿಮ್ಮದೇ ಜಾಲತಾಣದಲ್ಲಿ. ಒಂದು ಪ್ರಶ್ನೆಗೆ ಒಂದು ಪುಟ. ಸೋಷಿಯಲ್ ಮೀಡಿಯಾದಲ್ಲಿ ಅದರ ಸಾರ ಹಾಕಿ, ಪೂರ್ತಿ ಬೇಕಾದವರಿಗೆ ಈ ಕಡೆ ದಾರಿ ತೋರಿಸಿ. ಜೊತೆಗೆ, ಇಷ್ಟಪಟ್ಟು ಕೊಡುವವರ ಇಮೇಲ್ ವಿಳಾಸಗಳ ಪಟ್ಟಿ ಬೆಳೆಸಿ. ಫಾಲೋವರ್‌ಗಳನ್ನು ಇನ್ನೊಂದು ಆ್ಯಪ್‌ಗೆ ಹೊತ್ತುಕೊಂಡು ಹೋಗಲಾಗದು. ಇಮೇಲ್ ಪಟ್ಟಿಯನ್ನು ಒಯ್ಯಬಹುದು.

ಎಚ್ಚರಿಕೆ: ಗ್ರಾಹಕರು ಬಿಲ್ಲಿಗೆಂದು ಕೊಟ್ಟ ನಂಬರು, ಇಮೇಲ್‌ಗಳನ್ನು ಕೇಳದೆಯೇ ಈ ಪಟ್ಟಿಗೆ ಸುರಿಯಬೇಡಿ. ಎಷ್ಟೋ ದೇಶಗಳಲ್ಲಿ ಕಾನೂನೂ ಅದನ್ನು ಒಪ್ಪುವುದಿಲ್ಲ, ಜನರಂತೂ ಒಪ್ಪುವುದೇ ಇಲ್ಲ. ಬೇಡ ಎಂದವರು ಒಂದೇ ಕ್ಲಿಕ್ಕಿನಲ್ಲಿ ಹೊರಗೆ ಹೋಗುವಂತೆ ಇರಬೇಕು.

ಹಂತ 4: ಎಲ್ಲಾ ಕಡೆ ಅಂಗಡಿ ತೆರೆಯಬೇಡಿ

ಒಂದು, ಹೆಚ್ಚೆಂದರೆ ಎರಡು ಕಡೆ ಸಾಕು. ಎಲ್ಲಿ ಎಂದು ಗೊತ್ತಾಗಲು ನಿಮ್ಮ ಹಾಲಿ ಗ್ರಾಹಕರಲ್ಲಿ ಇಪ್ಪತ್ತು ಜನರನ್ನು ಕೇಳಿ: “ಇಂಥ ವಿಷಯ ತಿಳ್ಕೋಬೇಕು ಅಂದ್ರೆ ಎಲ್ಲಿ ನೋಡ್ತೀರಿ?” ಉತ್ತರ ನೀವು ಅಂದುಕೊಂಡಂತೆ ಇರುವುದು ಅಪರೂಪ. ಒಂದೊಂದು ಜಾಗದ ಸ್ವಭಾವವನ್ನು ಚುಟುಕಾಗಿ ಹೇಳುತ್ತೇನೆ.

ಯೂಟ್ಯೂಬಿಗೆ ಜನ ಹುಡುಕಿಕೊಂಡು ಬರುತ್ತಾರೆ. “ಹೇಗೆ ಮಾಡುವುದು” ಎಂಬ ವಿಡಿಯೋ ವರ್ಷಗಳ ನಂತರವೂ ಓಡುತ್ತಿರುತ್ತದೆ. ದುರಸ್ತಿ, ಕಲಿಕೆ, ಬಳಕೆಯ ವಿಷಯ ಇದ್ದರೆ ಮೊದಲ ಆಯ್ಕೆ ಇದೇ. ಇನ್‌ಸ್ಟಾಗ್ರಾಮ್ ಕಣ್ಣಿಗೆ ಹಬ್ಬ ಆಗುವಂಥ ಕೆಲಸದವರಿಗೆ ಚೆನ್ನ. ಆದರೆ ಅಲ್ಲಿ ಕ್ಯಾಪ್ಶನ್‌ನಲ್ಲಿ, ಅಂದರೆ ಚಿತ್ರದ ಕೆಳಗಿನ ಬರಹದಲ್ಲಿ, ಹಾಕಿದ ಲಿಂಕ್ ಸಾಮಾನ್ಯವಾಗಿ ಒತ್ತಿದರೆ ತೆರೆಯುವುದಿಲ್ಲ. ಲಿಂಕನ್ನು ಪ್ರೊಫೈಲಿನಲ್ಲೋ ಸ್ಟೋರಿಯಲ್ಲೋ ಇಡಬೇಕು. ಲಿಂಕ್ಡ್‌ಇನ್ ಬೇರೆ ಸಂಸ್ಥೆಗಳಿಗೆ ಮಾರುವವರಿಗೆ, ಕೆಲಸಕ್ಕೆ ಜನ ಹುಡುಕುವವರಿಗೆ. ಅಲ್ಲಿ ಸಂಸ್ಥೆಯ ಪೇಜಿಗಿಂತ ಅದರಲ್ಲಿ ಕೆಲಸ ಮಾಡುವ ವ್ಯಕ್ತಿಯ ಮಾತಿಗೇ ಕಿವಿ ಜಾಸ್ತಿ.

ವಾಟ್ಸಾಪ್ ಬಗ್ಗೆ ಸ್ವಲ್ಪ ಹೆಚ್ಚು ಹೇಳಬೇಕು, ಯಾಕೆಂದರೆ ಎಡವುವುದು ಇಲ್ಲೇ. ಗ್ರೂಪ್ ಮಾಡಿ ಗ್ರಾಹಕರನ್ನೆಲ್ಲ ಸೇರಿಸಿದರೆ ಒಬ್ಬರ ನಂಬರ್ ಇನ್ನೊಬ್ಬರಿಗೆ ಕಾಣುತ್ತದೆ. ಅದು ಅವರ ಗುಟ್ಟನ್ನು ನೀವೇ ಬಯಲು ಮಾಡಿದಂತೆ. ಒಂದೇ ಸಂದೇಶ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಹೋಗುವ ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ ಆ ತೊಂದರೆ ಇಲ್ಲ, ಆದರೆ ಒಂದು ಪಟ್ಟಿಗೆ 256 ಜನರ ಮಿತಿ ಇದೆ. ಸಾಲದ್ದಕ್ಕೆ, ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಸೇವ್ ಮಾಡಿಕೊಂಡವರಿಗೆ ಮಾತ್ರ ಸಂದೇಶ ತಲುಪುತ್ತದೆ. “ಕಳಿಸಿದ್ದೀವಿ, ಯಾರೂ ಉತ್ತರಿಸಲ್ಲ” ಎನ್ನುವವರು ಇದನ್ನು ಮೊದಲು ನೋಡಿಕೊಳ್ಳಿ. 2023ರಲ್ಲಿ ಬಂದ ಚಾನೆಲ್‌ಗಳಲ್ಲಿ ಫಾಲೋ ಮಾಡುವವರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ, ಮಾತು ಒಂದೇ ಕಡೆಯಿಂದ ಹೋಗುತ್ತದೆ. ಸೂಚನೆಗಳಿಗೆ ಅದು ಸರಿ.

ಇನ್ನೊಂದು ಮಾತು. ಫೇಸ್‌ಬುಕ್‌ನಲ್ಲಿ ಸಂಸ್ಥೆಗೆ ಪೇಜ್ ಮಾಡಬೇಕೇ ಹೊರತು ಪ್ರೊಫೈಲ್ ಅಲ್ಲ. ಪ್ರೊಫೈಲ್ ವ್ಯಕ್ತಿಗಳಿಗೆ. 5000 ಸ್ನೇಹಿತರಾದ ಮೇಲೆ ಬಾಗಿಲು ಮುಚ್ಚುತ್ತದೆ, ನಿಯಮಕ್ಕೆ ವಿರುದ್ಧ ಎಂದು ಒಂದು ದಿನ ಖಾತೆಯೇ ಮಾಯವಾಗಬಹುದು.

ಹಂತ 5: ಕೀಲಿಕೈ ಯಾರ ಕೈಯಲ್ಲಿ?

ನಾನು ಹಿಂದೆ ಕೆಲಸ ಮಾಡಿದ ಒಂದು ಸಂಸ್ಥೆಯ ಪೇಜಿನ ಪಾಸ್‌ವರ್ಡ್ ಗೊತ್ತಿದ್ದದ್ದು ಒಬ್ಬ ಹುಡುಗನಿಗೆ ಮಾತ್ರ. ಒಟಿಪಿ ಹೋಗುತ್ತಿದ್ದದ್ದೂ ಅವನ ಸ್ವಂತ ಫೋನಿಗೆ. ಅವನು ಕೆಲಸ ಬಿಟ್ಟ, ಸಿಮ್ಮನ್ನೂ ಬದಲಿಸಿದ. ಆ ಪೇಜ್ ಕೊನೆಗೂ ನಮ್ಮ ಕೈಗೆ ವಾಪಸ್ ಬರಲಿಲ್ಲ. ಹೊಸದು ಮಾಡಿದೆವು, ಹಳೆಯದು ಹಳೆಯ ವಿಳಾಸದೊಂದಿಗೆ ಇವತ್ತಿಗೂ ತೇಲಾಡುತ್ತಿದೆ.

ದೊಡ್ಡವರಿಗೂ ಇದು ತಪ್ಪಿದ್ದಲ್ಲ. 2013ರ ಜನವರಿ ಕೊನೆಯಲ್ಲಿ ಬ್ರಿಟನ್ನಿನ ಸಂಗೀತ ಮಳಿಗೆ ಸರಣಿ ಎಚ್‌ಎಂವಿ ಸಿಬ್ಬಂದಿಯನ್ನು ಕೆಲಸದಿಂದ ತೆಗೆಯುತ್ತಿತ್ತು. ಆ ಸಭೆಯ ಸುದ್ದಿ ಕ್ಷಣಕ್ಷಣಕ್ಕೂ ಕಂಪನಿಯದೇ ಅಧಿಕೃತ ಟ್ವಿಟರ್ ಖಾತೆಯಲ್ಲಿ ಬರುತ್ತಿತ್ತು. ಹಾಕುತ್ತಿದ್ದವರು ಕೆಲಸ ಕಳೆದುಕೊಳ್ಳುತ್ತಿದ್ದ ಸಿಬ್ಬಂದಿ. ಕೀಲಿಕೈ ಅವರ ಹತ್ತಿರವೇ ಇತ್ತು. ಊರೆಲ್ಲ ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರೆ ಏನು ಬಂತು?

ಹಾಗಾಗಿ ಖಾತೆ ತೆರೆಯುವ ದಿನವೇ ಇಷ್ಟು ಮಾಡಿ:

1. ಖಾತೆಗಳೆಲ್ಲ ಸಂಸ್ಥೆಯ ಇಮೇಲ್‌ನಲ್ಲಿ ಇರಲಿ, ಯಾರದೋ ಸ್ವಂತ ಜಿಮೇಲ್‌ನಲ್ಲಿ ಬೇಡ.
2. ಕನಿಷ್ಠ ಇಬ್ಬರು ಅಡ್ಮಿನ್ ಇರಲಿ, ಅಂದರೆ ಪೂರ್ತಿ ಅಧಿಕಾರ ಇರುವವರು. ಉಳಿದವರಿಗೆ ಪೋಸ್ಟ್ ಹಾಕುವ, ಉತ್ತರ ಕೊಡುವ ಅನುಮತಿ ಮಾತ್ರ ಸಾಕು.
3. ಎರಡು ಹಂತದ ಪರಿಶೀಲನೆ ಹಾಕಿ. ಪಾಸ್‌ವರ್ಡ್ ಜೊತೆ ಇನ್ನೊಂದು ಕೋಡ್ ಕೇಳುವ ವ್ಯವಸ್ಥೆ ಅದು. ಆ ಕೋಡ್ ಸಂಸ್ಥೆಯ ಫೋನಿಗೇ ಬರಲಿ. ಬ್ಯಾಕಪ್ ಕೋಡ್‌ಗಳನ್ನು ಮುದ್ರಿಸಿ ಬೀರುವಿನಲ್ಲಿಡಿ.
4. ಯಾರಾದರೂ ಕೆಲಸ ಬಿಡುವ ದಿನ ಲ್ಯಾಪ್‌ಟಾಪ್, ಐಡಿ ಕಾರ್ಡ್ ವಾಪಸ್ ಪಡೆಯುವ ಪಟ್ಟಿಯಲ್ಲಿ “ಸೋಷಿಯಲ್ ಮೀಡಿಯಾ ಅನುಮತಿ ತೆಗೆಯುವುದು” ಎಂದೂ ಸೇರಿಸಿ.

“ನಿಮ್ಮ ಪೇಜ್ ಕಾಪಿರೈಟ್ ಉಲ್ಲಂಘಿಸಿದೆ, 24 ಗಂಟೆಯಲ್ಲಿ ಮುಚ್ಚುತ್ತೇವೆ, ಈ ಲಿಂಕ್ ಒತ್ತಿ” ಎಂದು ಮೆಸೇಜ್ ಬಂದರೆ ಒತ್ತಬೇಡಿ. ಪೇಜ್ ಕದಿಯುವವರ ಹಳೇ ತಂತ್ರ ಅದು. ನಿಜವಾದ ಎಚ್ಚರಿಕೆ ಇದ್ದರೆ ಖಾತೆಯ ಒಳಗಿನ ಸೆಟ್ಟಿಂಗ್ಸ್‌ನಲ್ಲೇ ಕಾಣುತ್ತದೆ.

ಇನ್ನು ಒಪ್ಪಿಗೆಯ ವಿಷಯ. ಒಂದು ಪೋಸ್ಟಿಗೆ ಐದು ಜನರ ಸಹಿ ಬೇಕು ಎಂದಿಟ್ಟರೆ ಅದು ಹೊರಗೆ ಬರುವಾಗ ಉಪ್ಪು ಖಾರ ಏನೂ ಉಳಿದಿರುವುದಿಲ್ಲ. ಬರೆಯುವವರು ಒಬ್ಬರು, ವಿಷಯ ಸರಿಯಿದೆಯೇ ಎಂದು ನೋಡುವವರು ಒಬ್ಬರು. ಸ್ಪ್ರೆಡ್‌ಶೀಟಿನ ಎರಡನೇ ಅಂಕಣದಲ್ಲಿ ಬರೆದಿರಲ್ಲ, ಉತ್ತರ ಗೊತ್ತಿರುವವರ ಹೆಸರು? ನೋಡಬೇಕಾದವರು ಅವರೇ. ಒಂದು ದಿನದ ಗಡುವು ಕೊಡಿ. ಹಣ, ಕಾನೂನು, ಆರೋಗ್ಯ, ಅಪಘಾತ ಈ ನಾಲ್ಕು ವಿಷಯಕ್ಕೆ ಮಾತ್ರ ಮೇಲಿನವರ ಒಪ್ಪಿಗೆ ಕಡ್ಡಾಯ ಎಂದು ಇಟ್ಟುಕೊಳ್ಳಿ.

ಹಂತ 6: ಒಂದು ಉತ್ತರ, ಹಲವು ರೂಪ

ಈಗ ಬಂತು ನೋಡಿ ಬರೆಯುವ ಕೆಲಸ. ಪಟ್ಟಿಯಲ್ಲಿ ಅತಿ ಹೆಚ್ಚು ಸಲ ಬಂದ ಪ್ರಶ್ನೆ ತೆಗೆದುಕೊಳ್ಳಿ. ಉತ್ತರ ಗೊತ್ತಿರುವವರ ಎದುರು ಫೋನ್ ಇಟ್ಟು ಮಾತಾಡಿಸಿ, ರೆಕಾರ್ಡ್ ಮಾಡಿ. ಅವರಿಗೆ ಬರೆಯಲು ಹೇಳಬೇಡಿ. ಬರೆಯಿರಿ ಎಂದರೆ ಎಲ್ಲರೂ ಸರ್ಕಾರಿ ಸುತ್ತೋಲೆ ಬರೆಯುತ್ತಾರೆ. ಮಾತಾಡಿ ಎಂದರೆ ಸರ್ವಿಸ್‌ನವರು “ಅಯ್ಯೋ, ಅದು ಫಿಲ್ಟರ್ ತಪ್ಪಲ್ಲ, ಟ್ಯಾಂಕ್ ತೊಳೆದಿರಲ್ಲ” ಎಂದು ನೇರ ವಿಷಯಕ್ಕೆ ಬರುತ್ತಾರೆ. ನಿಮಗೆ ಬೇಕಾದ್ದು ಅದೇ.

ಆ ಮಾತನ್ನು ತಿದ್ದಿ ಜಾಲತಾಣಕ್ಕೆ ಒಂದು ಪೂರ್ತಿ ಲೇಖನ ಮಾಡಿ. ಅದು ತಾಯಿ. ಅದರಿಂದ ಒಂದು ನಿಮಿಷದ ವಿಡಿಯೋ, ನಾಲ್ಕೈದು ಚಿತ್ರಗಳ ಸರಣಿ, ಇಮೇಲ್‌ನಲ್ಲಿ ಎರಡು ಪ್ಯಾರಾ, ವಾಟ್ಸಾಪ್ ಚಾನೆಲ್‌ಗೆ ನಾಲ್ಕು ಸಾಲು. ಒಂದೇ ದಿನ ಎಲ್ಲಾ ಹಾಕಬೇಡಿ, ಎರಡು ವಾರಕ್ಕೆ ಹಂಚಿ. ಮೊದಲನೆಯ ಸಾಲಿನಲ್ಲೇ ಪ್ರಶ್ನೆ ಇರಲಿ, ಎರಡನೆಯದರಲ್ಲಿ ಉತ್ತರ ಶುರುವಾಗಲಿ. “ನಮಸ್ಕಾರ, ನಮ್ಮ ಸಂಸ್ಥೆ ಸ್ಥಾಪನೆಯಾದದ್ದು…” ಎನ್ನುವಷ್ಟರಲ್ಲಿ ನೋಡುವವರು ಇನ್ನೆಲ್ಲೋ ಇರುತ್ತಾರೆ.

ವಿಡಿಯೋಗೆ ಮಾತಿನ ಬರಹ, ಅಂದರೆ ಸಬ್‌ಟೈಟಲ್, ಹಾಕಲೇಬೇಕು. ಕಿವಿ ಕೇಳಿಸದವರಿಗೆ ಮಾತ್ರ ಅಲ್ಲ, ಬಸ್ಸಿನಲ್ಲಿ ಸೌಂಡ್ ಇಲ್ಲದೆ ನೋಡುವವರಿಗೂ ಬೇಕು. ಯಂತ್ರ ತಾನೇ ಬರೆದ ಸಬ್‌ಟೈಟಲ್ ಇದ್ದರೆ ಒಮ್ಮೆ ಓದಿ ತಿದ್ದಿ, ಹೆಸರುಗಳನ್ನು ಅದು ವಿಚಿತ್ರವಾಗಿ ಬರೆಯುತ್ತದೆ. ಚಿತ್ರಗಳಿಗೆ ಆಲ್ಟ್ ಟೆಕ್ಸ್ಟ್ ಕೊಡಿ. ಚಿತ್ರದಲ್ಲಿ ಏನಿದೆ ಎಂದು ಕಣ್ಣು ಕಾಣದವರ ಫೋನು ಓದಿ ಹೇಳುವ ಸಾಲು ಅದು. ಪೋಸ್ಟರ್ ಒಳಗೆ ಬರೆದ ಅಕ್ಷರವನ್ನು ಅಂಥ ಫೋನು ಸರಿಯಾಗಿ ಓದುತ್ತದೆ ಎಂದು ನಂಬುವ ಹಾಗಿಲ್ಲ. ಆದ್ದರಿಂದ ದಿನಾಂಕ, ವಿಳಾಸ, ನಂಬರನ್ನು ಕ್ಯಾಪ್ಶನ್‌ನಲ್ಲೂ ಟೈಪ್ ಮಾಡಿ.

ಎಡವುವ ಜಾಗಗಳು ಇಲ್ಲಿ ಮೂರು. ಮೊದಲನೆಯದು ಹಾಡು. ನಿಮ್ಮ ಸ್ವಂತ ಖಾತೆಯಲ್ಲಿ ಸಿಗುವ ಸಿನಿಮಾ ಹಾಡು ಸಂಸ್ಥೆಯ ಖಾತೆಗೆ ಸಿಗದೇ ಇರಬಹುದು. ವ್ಯಾಪಾರಕ್ಕೆ ಬಳಸುವ ಹಕ್ಕು ಬೇರೆ. ಹೇಗೋ ತಂದು ಹಾಕಿದರೆ ವಿಡಿಯೋ ಮೂಕವಾಗುತ್ತದೆ, ಇಲ್ಲವೇ ದೂರು ಬರುತ್ತದೆ. ಎರಡನೆಯದು ಫೋಟೋ. ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಪುಕ್ಕಟೆ ಅಲ್ಲ. ಗ್ರಾಹಕರ, ಅದರಲ್ಲೂ ಮಕ್ಕಳ ಫೋಟೋ ಹಾಕುವ ಮುಂಚೆ ಬರಹದಲ್ಲಿ ಒಪ್ಪಿಗೆ ಪಡೆಯಿರಿ. ಮೂರನೆಯದು ಎಐ. ಚಾಟ್‌ಜಿಪಿಟಿಯಂಥ ಸಾಧನಗಳಿಗೆ ರೆಕಾರ್ಡಿಂಗನ್ನು ಬರಹ ಮಾಡಲು, ಉದ್ದದ್ದನ್ನು ಗಿಡ್ಡ ಮಾಡಲು ಹೇಳಿ, ತೊಂದರೆ ಇಲ್ಲ. ಉತ್ತರವನ್ನೇ ಹುಟ್ಟಿಸಲು ಹೇಳಬೇಡಿ. ಗೊತ್ತಿಲ್ಲದ್ದನ್ನೂ ಅದು ಗೊತ್ತಿರುವಂತೆ ಹೇಳುತ್ತದೆ. ಅಂಕಿ, ಹೆಸರು, ಔಷಧಿ, ಕಾನೂನು ಬಂದ ಕಡೆ ಮನುಷ್ಯರೇ ಪರೀಕ್ಷಿಸಬೇಕು.

ಹಂತ 7: ನಡೆಸಬಲ್ಲಷ್ಟು ಕ್ಯಾಲೆಂಡರ್

ವಾರಕ್ಕೆ ಎರಡು ಒಳ್ಳೆಯ ಪೋಸ್ಟ್ ಸಾಕು. ಮೊದಲ ತಿಂಗಳು ದಿನಕ್ಕೆ ಮೂರು ಹಾಕಿ ಮೂರನೇ ತಿಂಗಳು ಮಲಗುವುದಕ್ಕಿಂತ ಅದು ವಾಸಿ. ಮುಂದಿನ ಒಂದು ತಿಂಗಳದ್ದನ್ನು ಸ್ಪ್ರೆಡ್‌ಶೀಟಿನಲ್ಲಿ ಬರೆದಿಡಿ: ದಿನಾಂಕ, ಪ್ರಶ್ನೆ, ರೂಪ, ಯಾರು, ಮುಗಿಯಿತೇ. ನಾಲ್ಕರಲ್ಲಿ ಒಂದು ಜಾಗ ಖಾಲಿ ಬಿಡಿ, ದಿಢೀರ್ ಎಂದು ಬರುವ ವಿಷಯಕ್ಕೆ.

ಮುಂಚೆಯೇ ಸಮಯ ಕೊಟ್ಟು ಪೋಸ್ಟ್ ಕೂರಿಸಿಡುವುದಕ್ಕೆ ಶೆಡ್ಯೂಲಿಂಗ್ ಎನ್ನುತ್ತಾರೆ. ಫೇಸ್‌ಬುಕ್, ಇನ್‌ಸ್ಟಾಗ್ರಾಮ್ ಎರಡಕ್ಕೂ ಅವುಗಳ ಮಾಲೀಕ ಕಂಪನಿ ಮೆಟಾದ್ದೇ ಬಿಸಿನೆಸ್ ಸೂಟ್ ಎಂಬ ಸಾಧನದಲ್ಲಿ ಇದನ್ನು ಖರ್ಚಿಲ್ಲದೆ ಮಾಡಬಹುದು. ಆದರೆ ಕೂರಿಸಿಟ್ಟು ಮರೆಯಬೇಡಿ. ಎಲ್ಲೋ ದುರಂತ ನಡೆದು ಜನ ಕಣ್ಣೀರು ಹಾಕುತ್ತಿರುವಾಗ ನಿಮ್ಮ ಪೇಜಿನಿಂದ “ಧಮಾಕಾ ಆಫರ್” ಹೊರಬಂದರೆ ಹೇಗಿರುತ್ತದೆ? ಬೆಳಿಗ್ಗೆ ಎದ್ದು ಸುದ್ದಿ ನೋಡಿ, ಬೇಕಾದರೆ ಎಲ್ಲವನ್ನೂ ತಡೆಹಿಡಿಯುವ ಹೊಣೆ ಒಬ್ಬರಿಗೆ ಇರಲಿ.

ಹಂತ 8: ಕಮೆಂಟ್ ಬಂದ ಮೇಲೇ ನಿಜವಾದ ಕೆಲಸ

ಪ್ರಶ್ನೆ ಕೇಳಿದವರಿಗೆ ಕೆಲಸದ ದಿನ ಕೆಲವೇ ಗಂಟೆಗಳಲ್ಲಿ ಉತ್ತರ ಸಿಗಬೇಕು. “ಇನ್‌ಬಾಕ್ಸ್ ನೋಡಿ” ಎಂದು ಎಲ್ಲರಿಗೂ ಒಂದೇ ಸಾಲು ಅಂಟಿಸಬೇಡಿ. ಅದೇ ಅನುಮಾನ ಇರುವ ಹತ್ತಾರು ಜನ ಸುಮ್ನೆ ಓದುತ್ತಿರುತ್ತಾರೆ, ಅವರಿಗೂ ಅಲ್ಲೇ ಉತ್ತರ ಕಾಣಲಿ. ನಂಬರು, ವಿಳಾಸ, ಬಿಲ್ ಬೇಕಾದಾಗ ಮಾತ್ರ ಇನ್‌ಬಾಕ್ಸಿಗೆ ಕರೆಯಿರಿ. ಹೊಸ ಪ್ರಶ್ನೆ ಬಂದರೆ ಸ್ಪ್ರೆಡ್‌ಶೀಟಿಗೆ ಸೇರಿಸಿ. ಪಟ್ಟಿ ಖಾಲಿಯಾಗದೇ ಇರುವುದು ಹೀಗೆ.

ಬೈಗುಳ, ಜಾತಿ ಧರ್ಮದ ನಿಂದನೆ, ಸ್ಪ್ಯಾಮ್ ಇದ್ದರೆ ತೆಗೆಯಿರಿ, ತೆಗೆಯುತ್ತೇವೆ ಎಂದು ಪೇಜಿನಲ್ಲಿ ಮೊದಲೇ ಬರೆದೂ ಇಡಿ. ಆದರೆ ದೂರನ್ನು ಅಳಿಸಬೇಡಿ. ಅಳಿಸುವ ಹೊತ್ತಿಗೆ ಅದರ ಸ್ಕ್ರೀನ್‌ಶಾಟ್ ಯಾರದೋ ಫೋನಿನಲ್ಲಿ ಇರುತ್ತದೆ. ದೂರಿಗೆ ಉತ್ತರಿಸುವ ಕ್ರಮ ಸರಳ: ಏನಾಯಿತು ಎಂದು ಅವರು ಹೇಳಿದ್ದನ್ನು ಒಪ್ಪಿಕೊಳ್ಳಿ, ಯಾರು ಯಾವಾಗ ಸರಿಮಾಡುತ್ತಾರೆ ಎಂದು ಹೇಳಿ, ಸರಿಯಾದ ಮೇಲೆ ಅದೇ ಜಾಗಕ್ಕೆ ಬಂದು ಸರಿಯಾಯಿತು ಎಂದು ಬರೆಯಿರಿ. ಮೂರನೆಯದನ್ನು ಹೆಚ್ಚಿನವರು ಮರೆಯುತ್ತಾರೆ.

ತಪ್ಪು ನಿಮ್ಮಿಂದಲೇ ಆದರೆ? 2011ರಲ್ಲಿ ಅಮೆರಿಕನ್ ರೆಡ್ ಕ್ರಾಸ್‌ನ ಸಿಬ್ಬಂದಿಯೊಬ್ಬರು ತಮ್ಮ ಸ್ವಂತ ಖಾತೆ ಅಂದುಕೊಂಡು ಸಂಸ್ಥೆಯ ಖಾತೆಯಲ್ಲಿ ಬಿಯರ್ ಪಾರ್ಟಿಯ ಟ್ವೀಟ್ ಹಾಕಿಬಿಟ್ಟರು. ಸಂಸ್ಥೆ ಅದನ್ನು ತೆಗೆಯಿತು. ತೆಗೆದಿದ್ದೇವೆ ಎಂದೂ, ನಾವು ಕುಡಿದಿಲ್ಲ ಎಂದೂ ತಮಾಷೆಯಾಗಿಯೇ ಹೇಳಿತು. ವಿಷಯ ನಗುವಿನಲ್ಲಿ ಮುಗಿಯಿತು. ಯಾರಿಗೂ ನೋವಾಗದ ತಪ್ಪಿಗೆ ಈ ದಾರಿ ಸರಿ. ಯಾರಿಗಾದರೂ ನೋವೋ ನಷ್ಟವೋ ಆಗಿದ್ದರೆ ತಮಾಷೆ ಬೇಡ, ಕ್ಷಮೆ ಕೇಳಿ. “ಯಾರಿಗಾದರೂ ಬೇಸರವಾಗಿದ್ದರೆ” ಎಂಬ ಅಡ್ಡಗೋಡೆ ಇಲ್ಲದೆ ಕೇಳಿ. ಅಂದಹಾಗೆ, ಸ್ವಂತ ಖಾತೆ ಮತ್ತು ಸಂಸ್ಥೆಯ ಖಾತೆ ಒಂದೇ ಫೋನಿನಲ್ಲಿ ಇಲ್ಲದಿದ್ದರೆ ಇಂಥ ಎಡವಟ್ಟು ಹುಟ್ಟುವುದೇ ಇಲ್ಲ.

ಹಂತ 9: ಯಾವ ಅಂಕಿ ನೋಡಬೇಕು

ಮೂರು ಪದ ಗೊತ್ತಿದ್ದರೆ ಸಾಕು. ರೀಚ್ ಅಂದರೆ ಎಷ್ಟು ಜನರಿಗೆ ತಲುಪಿತು. ಇಂಪ್ರೆಷನ್ ಅಂದರೆ ಒಟ್ಟು ಎಷ್ಟು ಸಲ ಪರದೆಯ ಮೇಲೆ ಬಂತು. ಒಬ್ಬರೇ ಮೂರು ಸಲ ನೋಡಿದರೆ ರೀಚ್ 1, ಇಂಪ್ರೆಷನ್ 3. ಎಂಗೇಜ್‌ಮೆಂಟ್ ಅಂದರೆ ಲೈಕ್, ಕಮೆಂಟ್, ಶೇರ್, ಸೇವ್ ಎಲ್ಲ ಸೇರಿದ್ದು.

ಇವುಗಳಲ್ಲಿ ನಾನು ಬೆಲೆ ಕೊಡುವುದು ಸೇವ್ ಮತ್ತು ಶೇರ್‌ಗೆ. ಲೈಕ್ ಒತ್ತಲು ಏನೂ ಖರ್ಚಾಗುವುದಿಲ್ಲ. “ಇದು ಆಮೇಲೆ ಬೇಕಾಗುತ್ತೆ” ಅಥವಾ “ಇದನ್ನ ಅಕ್ಕನಿಗೆ ಕಳಿಸ್ಬೇಕು” ಅನ್ನಿಸಿದರೆ ಮಾತ್ರ ಜನ ಉಳಿದೆರಡನ್ನು ಒತ್ತುತ್ತಾರೆ.

ವಿಡಿಯೋ ವ್ಯೂಸ್ ನೋಡಿ ಹಿಗ್ಗಬೇಡಿ. ಒಂದೊಂದು ಕಂಪನಿಯ ಎಣಿಕೆ ಒಂದೊಂದು ರೀತಿ. ಯೂಟ್ಯೂಬ್ ಶಾರ್ಟ್ಸ್‌ನಲ್ಲಿ 2025ರ ಮಾರ್ಚ್ 31ರಿಂದ ವಿಡಿಯೋ ಓಡಲು ಶುರುವಾದರೆ ಸಾಕು, ಒಂದು ವ್ಯೂ ಲೆಕ್ಕ. 2016ರಲ್ಲಂತೂ, ಜನ ವಿಡಿಯೋ ನೋಡುವ ಸರಾಸರಿ ಸಮಯವನ್ನು ತಾನು ಹೆಚ್ಚಾಗಿ ತೋರಿಸುತ್ತಿದ್ದೆ ಎಂದು ಫೇಸ್‌ಬುಕ್ ತಾನೇ ಒಪ್ಪಿಕೊಂಡಿತ್ತು. 3 ಸೆಕೆಂಡಿಗಿಂತ ಕಡಿಮೆ ನೋಡಿದವರನ್ನು ಅದು ಲೆಕ್ಕದಿಂದ ಬಿಟ್ಟಿತ್ತು. ಇಮೇಲ್ ಎಷ್ಟು ಜನ ತೆರೆದರು ಎಂಬ ಅಂಕಿಯೂ 2021ರಿಂದ ಅಷ್ಟು ನಂಬುವ ಹಾಗಿಲ್ಲ. ಆ ವರ್ಷ ಆಪಲ್ ತಂದ ಗೌಪ್ಯತೆ ವ್ಯವಸ್ಥೆಯಲ್ಲಿ, ಓದುಗರು ತೆರೆಯದಿದ್ದರೂ ಇಮೇಲ್ ತೆರೆದಂತೆ ದಾಖಲಾಗಬಹುದು. ಎಷ್ಟು ಜನ ಲಿಂಕ್ ಒತ್ತಿದರು ಎಂದು ನೋಡಿ.

ಯಾವ ಪೋಸ್ಟಿನಿಂದ ಜನ ಜಾಲತಾಣಕ್ಕೆ ಬಂದರು ಎಂದು ತಿಳಿಯಲು ಯುಟಿಎಂ ಎಂಬ ವ್ಯವಸ್ಥೆ ಇದೆ. ಲಿಂಕ್‌ನ ಬಾಲಕ್ಕೆ “ಇದು ಇನ್‌ಸ್ಟಾಗ್ರಾಮಿನಿಂದ ಬಂದದ್ದು” ಎಂಬಂಥ ಚೀಟಿ ಅಂಟಿಸುವುದು, ಅಷ್ಟೇ. ಜಾಲತಾಣಕ್ಕೆ ಬಂದವರ ಲೆಕ್ಕ ಇಡುವ ಗೂಗಲ್ ಅನಾಲಿಟಿಕ್ಸ್ ಆ ಚೀಟಿ ಓದುತ್ತದೆ. ಇದು ಕಷ್ಟ ಅನ್ನಿಸಿದರೆ ಇನ್ನೂ ಸುಲಭದ ದಾರಿ ಇದೆ. ಫೋನ್ ಎತ್ತಿದವರು ಪ್ರತಿಯೊಬ್ಬರನ್ನೂ “ನಮ್ಮ ಬಗ್ಗೆ ಎಲ್ಲಿ ನೋಡಿದ್ರಿ?” ಎಂದು ಕೇಳಿ ಒಂದು ಗೆರೆ ಎಳೆಯಲಿ.

ತಿಂಗಳಿಗೊಮ್ಮೆ ಅರ್ಧ ಗಂಟೆ ಕೂತು ಹಂತ 1ರ ವಾಕ್ಯವನ್ನು ಎದುರಿಗಿಟ್ಟುಕೊಂಡು ಇಷ್ಟು ನೋಡಿದರೆ ಸಾಕು. ಮೊದಲ ಮೂರು ತಿಂಗಳು ಅಂಕಿ ಸಣ್ಣದೇ ಇರುತ್ತದೆ. ಮೇಲಿನವರಿಗೆ ಇದನ್ನು ಮೊದಲೇ ಹೇಳಿ ಒಪ್ಪಿಸಿಡಿ, ಆಮೇಲೆ ಹೇಳಿದರೆ ನೆಪದಂತೆ ಕೇಳಿಸುತ್ತದೆ.

ಹಂತ 10: ದುಡ್ಡು ಹಾಕುವುದಾದರೆ

ಪೋಸ್ಟ್ ಕೆಳಗೆ “ಬೂಸ್ಟ್” ಎಂಬ ಗುಂಡಿ ಕಾಣುತ್ತದೆ. ದುಡ್ಡು ಕೊಟ್ಟು ಆ ಪೋಸ್ಟನ್ನು ಹೆಚ್ಚು ಜನರಿಗೆ ತೋರಿಸುವುದು. ಸೋತ ಪೋಸ್ಟಿಗೆ ದುಡ್ಡು ಸುರಿದು ಎಬ್ಬಿಸಲು ಹೋಗಬೇಡಿ. ದುಡ್ಡಿಲ್ಲದೆಯೇ ಚೆನ್ನಾಗಿ ಓಡಿದ ಪೋಸ್ಟಿಗೆ ಸ್ವಲ್ಪ ಹಾಕಿ, ಒಂದು ವಾರ ನೋಡಿ, ಆಮೇಲೆ ಹೆಚ್ಚಿಸಿ. ಕರೆ ಬರಬೇಕು, ಫಾರ್ಮ್ ತುಂಬಬೇಕು ಎಂಬ ಗುರಿ ಇದ್ದರೆ ಬೂಸ್ಟ್ ಬಿಟ್ಟು ಆ್ಯಡ್ಸ್ ಮ್ಯಾನೇಜರ್, ಅಂದರೆ ಮೆಟಾದ ಜಾಹೀರಾತು ಸಾಧನ, ಬಳಸಿ. ಕಲಿಯಲು ಸ್ವಲ್ಪ ಕಷ್ಟ, ಆದರೆ ಯಾರಿಗೆ ತೋರಿಸಬೇಕು, ಅವರು ಏನು ಮಾಡಬೇಕು ಎನ್ನುವುದರ ಮೇಲೆ ಹಿಡಿತ ಸಿಗುತ್ತದೆ.

ದುಡ್ಡು ಕೊಟ್ಟು ಫಾಲೋವರ್ ಕೊಳ್ಳುವ ಮಾತು ಯಾರಾದರೂ ಎತ್ತಿದರೆ ಬೇಡ ಎನ್ನಿ. ಆ ಖಾತೆಗಳ ಹಿಂದೆ ಮನುಷ್ಯರಿರುವುದಿಲ್ಲ. ನಿಮ್ಮ ಪೋಸ್ಟಿಗೆ ಅವರು ಯಾರೂ ಪ್ರತಿಕ್ರಿಯಿಸುವುದಿಲ್ಲ. ಅದನ್ನು ನೋಡಿ ಅಲ್ಗಾರಿದಮ್, ಅಂದರೆ ಯಾರಿಗೆ ಏನು ತೋರಿಸಬೇಕು ಎಂದು ತೀರ್ಮಾನಿಸುವ ಲೆಕ್ಕಾಚಾರ, ನಿಮ್ಮ ಪೋಸ್ಟ್ ಚೆನ್ನಾಗಿಲ್ಲ ಎಂದುಕೊಳ್ಳುವ ಸಾಧ್ಯತೆ ಇದೆ. ಇನ್‌ಫ್ಲುಯೆನ್ಸರ್‌ಗಳಿಗೆ ದುಡ್ಡೋ ವಸ್ತುವೋ ಕೊಟ್ಟು ಮಾತಾಡಿಸಿದರೆ, ಇದು ಜಾಹೀರಾತು ಎಂದು ಅವರು ಎದ್ದುಕಾಣುವಂತೆ ಹೇಳಬೇಕು. ಹತ್ತು ಹ್ಯಾಷ್‌ಟ್ಯಾಗ್‌ಗಳ ನಡುವೆ ಅಡಗಿಸಿಟ್ಟರೆ ಅದು ಹೇಳಿದಂತಾಗುವುದಿಲ್ಲ. ಹೇಳಿದ್ದಾರೆಯೇ ಎಂದು ಪೋಸ್ಟ್ ಬಂದ ದಿನವೇ ನೀವು ನೋಡಿ.

ಈಗಾಗಲೇ ಆರು ತಿಂಗಳಿನಿಂದ ಪೇಜ್ ನಡೆಸುತ್ತಿರುವವರು ಎಲ್ಲವನ್ನೂ ಅಳಿಸಿ ಮೊದಲಿನಿಂದ ಶುರು ಮಾಡಬೇಕಾಗಿಲ್ಲ. ನಾಳೆ ಹಂತ 5 ಮಾಡಿ, ಅದಕ್ಕೆ ಅರ್ಧ ದಿನ ಸಾಕು. ಎರಡು ವಾರ ಹೊಸ ಪೋಸ್ಟ್ ಹಾಕಬೇಡಿ, ಯಾರೂ ಕೇಳುವುದಿಲ್ಲ. ಆ ಎರಡು ವಾರ ರಿಸೆಪ್ಷನ್‌ನಲ್ಲಿ ಒಂದು ಕುರ್ಚಿ ಹಾಕಿಸಿಕೊಂಡು, ಫೋನ್ ರಿಂಗಾದಾಗಲೆಲ್ಲ ಕಿವಿಗೊಡಿ.